ಫೋರ್ಕ್ ತಳದ ಬೋಲ್ಟ್ ಸುಮ್ನೆ ಸುತ್ತುತ್ತಿದೆ, ಹೊರಗೆ ಬರುತ್ತಿಲ್ಲ. ಏನು ಮಾಡಲಿ?

ಪ್ರಶ್ನೆ: ಬೈಕಿನ ಮುಂದಿನ ಸಸ್ಪೆನ್ಷನ್ ಅಪ್‌ಗ್ರೇಡ್ ಮಾಡುತ್ತಿದ್ದೇನೆ. ಫೋರ್ಕ್ ಎರಡನ್ನೂ ಬಿಚ್ಚಿ, ಆಯಿಲ್ ಸುರಿದು, ಸ್ಪ್ರಿಂಗ್ ಹೊರಗೆ ತೆಗೆದಿದ್ದೇನೆ. ಒಂದರ ತಳದ ಅಲೆನ್ ಬೋಲ್ಟ್ ಸಲೀಸಾಗಿ ಬಂತು. ಇನ್ನೊಂದನ್ನು ಎಷ್ಟು ತಿರುಗಿಸಿದರೂ ಅಲ್ಲೇ ಸುತ್ತುತ್ತದೆ. ಥ್ರೆಡ್ ಹೋಗಿರಬಹುದಾ?

ಉತ್ತರ: ಬಹುತೇಕ ಥ್ರೆಡ್ ಚೆನ್ನಾಗಿಯೇ ಇರುತ್ತದೆ. ಬೋಲ್ಟ್ ಯಾವುದಕ್ಕೆ ಕಚ್ಚಿಕೊಂಡಿದೆಯೋ ಅದೂ ಜೊತೆಗೆ ತಿರುಗುತ್ತಿದೆ, ಅಷ್ಟೇ.

ಫೋರ್ಕ್ ಒಳಗೆ ಡ್ಯಾಂಪರ್ ರಾಡ್ ಅಂತ ಒಂದು ಟೊಳ್ಳು ಕೊಳವೆ ನಿಂತಿರುತ್ತದೆ. ತಳದ ಬೋಲ್ಟ್ ಹೊರಗಿನ ಅಲ್ಯೂಮಿನಿಯಂ ಕಾಲನ್ನು ದಾಟಿ, ಈ ರಾಡಿನ ಬುಡಕ್ಕೆ ಹೋಗಿ ಕೂರುತ್ತದೆ. ರಾಡನ್ನು ತಿರುಗದಂತೆ ಹಿಡಿಯಲು ಹೆಚ್ಚಿನ ಫೋರ್ಕ್‌ಗಳಲ್ಲಿ ಬೇರೆ ಏರ್ಪಾಡು ಇಲ್ಲ. ಮೇಲಿನಿಂದ ಸ್ಪ್ರಿಂಗ್ ಒತ್ತುತ್ತದಲ್ಲ, ಆ ಒತ್ತಡವೇ ಹಿಡಿತ. ನೀವು ಸ್ಪ್ರಿಂಗ್ ಮೊದಲೇ ತೆಗೆದಿದ್ದೀರಿ, ಹಾಗಾಗಿ ರಾಡ್ ಒಳಗೆ ಸಡಿಲವಾಗಿ ನಿಂತಿದೆ. ಫ್ಯಾಕ್ಟರಿಯಲ್ಲಿ ಈ ಬೋಲ್ಟಿಗೆ ಥ್ರೆಡ್‌ಲಾಕ್ ಹಚ್ಚುವುದು ಮಾಮೂಲು. ಆ ಅಂಟಿನ ಹಿಡಿತ ಸ್ವಲ್ಪ ಜಾಸ್ತಿ ಇದ್ದರೂ ಸಾಕು, ಬೋಲ್ಟು ರಾಡು ಎರಡೂ ಒಟ್ಟಿಗೇ ಸುತ್ತುತ್ತವೆ.

ಇಲ್ಲಿ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ರಾತ್ರಿಯಿಡೀ ಬಿಡಬೇಡಿ. ಬೋಲ್ಟಿನ ತಲೆಯ ಕೆಳಗೆ ತಾಮ್ರದ ವಾಷರ್ ಇದೆ, ಒಳಗಿನ ಆಯಿಲ್ ಹೊರಗೆ ಬಾರದಂತೆ ತಡೆಯುವುದೇ ಅದರ ಕೆಲಸ. ಒಳಗಿನದು ಹೊರಗೆ ಬಾರದ ಕಡೆ ಹೊರಗಿನದು ಒಳಗೆ ಹೇಗೆ ಹೋದೀತು? ಉದ್ದದ ಪೈಪು ಹಾಕಿ ಜೋರಾಗಿ ಎಳೆದೂ ಪ್ರಯೋಜನವಿಲ್ಲ. ಎಷ್ಟು ಬಲ ಹಾಕಿದರೂ ರಾಡ್ ಅಷ್ಟೇ ಬೇಗ ತಿರುಗುತ್ತದೆ. ಈ ಕೆಲಸದಲ್ಲಿ ಗೆಲ್ಲಬೇಕಾದರೆ ರಾಡನ್ನು ನಿಲ್ಲಿಸಬೇಕು.

ಸುಲಭದ ದಾರಿ, ತೆಗೆದ ಸ್ಪ್ರಿಂಗನ್ನು ವಾಪಸ್ ಹಾಕುವುದು. ಸ್ಪೇಸರ್ (ಸ್ಪ್ರಿಂಗ್ ಮೇಲೆ ಕೂರುವ ಕೊಳವೆ ತುಂಡು) ಇದ್ದರೆ ಅದನ್ನೂ ಹಾಕಿ, ಮೇಲಿನ ಕ್ಯಾಪ್ ಬಿಗಿ ಮಾಡಿ. ಫೋರ್ಕನ್ನು ತಲೆಕೆಳಗಾಗಿ ಹಲಗೆಯ ಮೇಲೆ ನಿಲ್ಲಿಸಿ. ಈಗ ಬೋಲ್ಟ್ ಮೇಲ್ಮುಖವಾಗಿದೆ. ಒಬ್ಬರು ತಮ್ಮ ಭಾರ ಹಾಕಿ ಹೊರಗಿನ ಕಾಲನ್ನು ಕೆಳಗೆ ಒತ್ತಲಿ. ಸ್ಪ್ರಿಂಗ್ ಕುಗ್ಗಿದಷ್ಟೂ ರಾಡಿನ ಮೇಲೆ ಒತ್ತಡ ಹೆಚ್ಚುತ್ತದೆ. ಇನ್ನೊಬ್ಬರು ಬೋಲ್ಟ್ ತಿರುಗಿಸಲಿ, ಅದೂ ನಿಧಾನವಾಗಿ ಅಲ್ಲ, ಒಂದೇ ಎಳೆತಕ್ಕೆ. ಇಂಪ್ಯಾಕ್ಟ್ ಗನ್ ಇದ್ದರೆ ಇದು ಬಹಳ ಸಲ ಕ್ಷಣದಲ್ಲಿ ಮುಗಿಯುವ ಕೆಲಸ. ಗನ್ನಿನ ಪೆಟ್ಟು ಎಷ್ಟು ಚುರುಕೆಂದರೆ ರಾಡಿಗೆ ಜೊತೆಯಲ್ಲಿ ತಿರುಗಲು ಪುರುಸೊತ್ತೇ ಸಿಗುವುದಿಲ್ಲ. ಟ್ರಿಗರನ್ನು ಚಿಕ್ಕ ಚಿಕ್ಕದಾಗಿ ಒತ್ತಿ. ಸುಮ್ನೆ ಹಿಡಿದುಕೊಂಡು ಗರಗರ ತಿರುಗಿಸುತ್ತಲೇ ಇದ್ದರೆ ರಾಡಿನ ಬುಡ ಅಲ್ಯೂಮಿನಿಯಂ ತಳವನ್ನು ಉಜ್ಜಿ ಸವೆಸುತ್ತದೆ.

ಗನ್ ಹಿಡಿಯುವ ಮೊದಲು ಬೋಲ್ಟಿನ ತಲೆಯ ಗುಂಡಿ ನೋಡಿ. ತಳದಲ್ಲಿ ಇರುವುದರಿಂದ ಕೆಸರು, ಮರಳು ಗಟ್ಟಿಯಾಗಿ ಕೂತಿರುತ್ತದೆ. ಮೊಳೆಯ ಮೊನೆಯಿಂದ ಕೆದಕಿ ತೆಗೆಯಿರಿ. ಸಾಮಾನ್ಯವಾಗಿ 6 ಅಥವಾ 8 ಮಿ.ಮೀ. ಅಲೆನ್ ಇರುತ್ತದೆ. ಬಿಟ್ ಪೂರ್ತಿ ಆಳಕ್ಕೆ ಇಳಿಯುವಂತೆ ಸುತ್ತಿಗೆಯಿಂದ ಎರಡೇಟು ಕೊಡಿ. ತುದಿ ಗುಂಡಗಿರುವ ಬಾಲ್ ಅಲೆನ್ ಕೀ ಈ ಕೆಲಸಕ್ಕೆ ಬೇಡವೇ ಬೇಡ. ತಲೆ ಸ್ಲಿಪ್ ಆದರೆ ಆಮೇಲಿನ ಪಾಡು ಬೇರೆ.

ಮತ್ತೊಂದು ಮಾತು. ಕೆಲವು ಫೋರ್ಕ್‌ಗಳ ತಳದಲ್ಲಿ ರೀಬೌಂಡ್ ಅಡ್ಜಸ್ಟರ್, ಅಂದರೆ ಕುಗ್ಗಿದ ಫೋರ್ಕ್ ಮರಳಿ ಏಳುವ ವೇಗ ಹೊಂದಿಸುವ ತಿರುಪು, ಇರುತ್ತದೆ. ಅದನ್ನೇ ಬೋಲ್ಟ್ ಎಂದುಕೊಂಡು ಗನ್ ಹಚ್ಚಿದರೆ ಒಳಗಿನ ಸೂಜಿ ಹಾಳಾಗುತ್ತದೆ.

ಇಷ್ಟಕ್ಕೂ ಬರಲಿಲ್ಲವೇ? ಆಗ ರಾಡಿನ ತಲೆಯನ್ನು ಮೇಲಿನಿಂದ ಹಿಡಿಯಬೇಕು. ಕ್ಯಾಪ್, ಸ್ಪ್ರಿಂಗ್ ಮತ್ತೆ ತೆಗೆಯಿರಿ. ಕ್ಯಾಪ್ ಬಿಚ್ಚುವಾಗ ಮುಖ ದೂರ ಇರಲಿ, ಒಳಗೆ ಸ್ಪ್ರಿಂಗ್ ಒತ್ತಿಕೊಂಡಿರುತ್ತದೆ. ಕೊಳವೆಯೊಳಗೆ ಟಾರ್ಚ್ ಬಿಟ್ಟು ನೋಡಿ. ಕೆಲವು ರಾಡುಗಳ ತಲೆಯಲ್ಲಿ ಆರು ಮೂಲೆಯ ಗುಂಡಿ ಇರುತ್ತದೆ. ಅದಕ್ಕೆ ಸರಿಹೊಂದುವ ತಲೆಯ ಬೋಲ್ಟ್ ಹುಡುಕಿ, ಎರಡು ನಟ್ ಒಂದಕ್ಕೊಂದು ಬಿಗಿದು, ಉದ್ದದ ಎಕ್ಸ್‌ಟೆನ್ಷನ್ ತುದಿಯ ಸಾಕೆಟ್‌ಗೆ ಸಿಕ್ಕಿಸಿದರೆ ಕಂಪನಿಯ ಟೂಲ್ ಬೇಕಾಗುವುದಿಲ್ಲ. ಬರೀ ದುಂಡು ತೂತಿದ್ದರೆ ಗಟ್ಟಿಮರದ ಕೋಲು ಸಾಕು. ಹಳೆಯ ಗುದ್ದಲಿ ಕಾವು, ಪೊರಕೆ ಕೋಲು, ಯಾವುದಾದರೂ ಸರಿ. ತುದಿಯನ್ನು ಪೆನ್ಸಿಲ್‌ನಂತೆ ಚೂಪಾಗಿ ಕೆತ್ತಿ, ರಾಡಿನ ತೂತಿಗೆ ಹೊಡೆದು ಕೂರಿಸಿ. ಹೊರಗೆ ಉಳಿದ ಕೋಲನ್ನು ವೈಸ್ ಗ್ರಿಪ್‌ನಲ್ಲಿ ಹಿಡಿದು ಒತ್ತಿಕೊಂಡಿರಿ, ಇನ್ನೊಬ್ಬರು ಬೋಲ್ಟ್ ತಿರುಗಿಸಲಿ. ನೋಡಲು ನಾಜೂಕಿಲ್ಲ, ಆದರೆ ನನ್ನ ಮಟ್ಟಿಗೆ ಗನ್ ನಂತರದ ನಂಬಿಕಸ್ತ ಉಪಾಯ ಇದೇ. ಮರದ ಸಿಬಿರು ಒಳಗೆ ಉಳಿಯದಂತೆ ತೊಳೆಯಿರಿ.

ರಾಡ್ ನಿಂತಿದೆ, ಆದರೂ ಬೋಲ್ಟ್ ಅಲುಗುತ್ತಿಲ್ಲ ಅಂದರೆ ಮಾತ್ರ ಅದು ಥ್ರೆಡ್‌ಲಾಕ್‌ನ ಹಟ. ಶಾಖಕ್ಕೆ ಅದು ಮೆತ್ತಗಾಗುತ್ತದೆ. ಆಯಿಲ್ ಪೂರ್ತಿ ಖಾಲಿ ಮಾಡಿ, ಹೀಟ್ ಗನ್ನಿನಿಂದ ಬೋಲ್ಟಿನ ತಲೆ ಬಿಸಿ ಮಾಡಿ, ಬಿಸಿ ಇದ್ದಾಗಲೇ ತಿರುಗಿಸಿ. ಗ್ಯಾಸ್ ಟಾರ್ಚಿನ ಬೆಂಕಿ ಬೇಡ. ಫೋರ್ಕ್ ಆಯಿಲ್ ಹೊತ್ತಿಕೊಳ್ಳುವ ವಸ್ತು, ಅಲ್ವಾ?

ಕೊನೆಗೆ ಉಳಿಯುವುದು ಡ್ರಿಲ್. ತಲೆಯನ್ನು ಕೊರೆದು ಹಾರಿಸಿದರೆ ರಾಡ್ ಬಿಡುಗಡೆಯಾಗಿ ಮೇಲಿನಿಂದ ಹೊರಬರುತ್ತದೆ. ಬುಡದಲ್ಲಿ ಉಳಿದ ಬೋಲ್ಟ್ ತುಂಡನ್ನು ವೈಸ್ ಗ್ರಿಪ್‌ನಲ್ಲಿ ಹಿಡಿದು ಬಿಚ್ಚಬಹುದು. ಹೊಸ ಬೋಲ್ಟ್ ಕೈಯಲ್ಲಿ ಇಟ್ಟುಕೊಂಡೇ ಇದಕ್ಕೆ ಇಳಿಯಿರಿ. ತಲೆ ಹಾರುತ್ತಿದ್ದಂತೆ ನಿಲ್ಲಿಸಿ. ಡ್ರಿಲ್ ಮುಂದೆ ಹೋದರೆ ಬೋಲ್ಟ್ ಕೂರುವ ಜಾಗವೇ ಹಾಳಾಗಿ ಆಯಿಲ್ ಸೋರುತ್ತದೆ.

ಇನ್ನು ಮೂಲ ವಿಷಯಕ್ಕೇ ಬರೋಣ: ನಿಮ್ಮ ಅಪ್‌ಗ್ರೇಡ್ ಏನು? ಬರೀ ಗಟ್ಟಿ ಸ್ಪ್ರಿಂಗ್ ಮತ್ತು ಹೊಸ ಆಯಿಲ್ ಆದರೆ ಈ ಬೋಲ್ಟ್ ಮುಟ್ಟುವ ಅಗತ್ಯವೇ ಇಲ್ಲ. ಫೋರ್ಕ್ ಬೋರಲು ಹಾಕಿ ಹಲವು ಸಲ ಪಂಪ್ ಮಾಡಿದರೆ ಹಳೆಯ ಆಯಿಲ್ ಬಹುಪಾಲು ಬರುತ್ತದೆ. ರಾಡಿನ ತೂತು ದೊಡ್ಡದು ಮಾಡಬೇಕಾದ ಎಮ್ಯುಲೇಟರ್ (ರಾಡಿನ ಮೇಲೆ ಕೂತು ಆಯಿಲ್ ಹರಿವನ್ನು ಹಿಡಿತದಲ್ಲಿಡುವ ವಾಲ್ವ್) ಹಾಕುತ್ತಿದ್ದರೆ, ರಾಡಿನ ಬದಲಿಗೆ ಪೂರ್ತಿ ಕಾರ್ಟ್ರಿಜ್ ಕೂರಿಸುತ್ತಿದ್ದರೆ, ಅಥವಾ ಕೊಳವೆ ಜಾರುವ ಕಡೆಯ ಬಳೆಯಂಥ ಬುಷ್ ಬದಲಿಸಬೇಕಿದ್ದರೆ ಬಿಚ್ಚಲೇಬೇಕು. ಮುಂದಿನ ಸಲ ಈ ಬೋಲ್ಟನ್ನು ಸ್ಪ್ರಿಂಗ್ ಒಳಗಿರುವಾಗಲೇ ಸಡಿಲಿಸಿ. ಹಾಗೆಯೇ ಮೇಲಿನ ಕ್ಯಾಪನ್ನು ಫೋರ್ಕ್ ಗಾಡಿಯಲ್ಲೇ ಇರುವಾಗ, ಮೇಲಿನ ಕ್ಲ್ಯಾಂಪಿನ ಬೋಲ್ಟ್ ಸಡಿಲಿಸಿಕೊಂಡು, ಅರ್ಧ ಸುತ್ತು ತಿರುಗಿಸಿಡಿ.

ಜೋಡಿಸುವಾಗ ಹೊಸ ತಾಮ್ರದ ವಾಷರ್ ಹಾಕಿ. ಥ್ರೆಡ್ಡಿನ ಎಣ್ಣೆ ಒರೆಸಿ, ಮಧ್ಯಮ ಹಿಡಿತದ ನೀಲಿ ಥ್ರೆಡ್‌ಲಾಕ್ ಒಂದು ಹನಿ ಹಚ್ಚಿ. ಕೆಂಪು ಹಚ್ಚಿದರೆ ಮುಂದಿನ ಸಲವೂ ಇದೇ ಗೋಳು. ಬಿಗಿ ಮಾಡುವಾಗಲೂ ರಾಡ್ ತಿರುಗುತ್ತದೆ, ಆದ್ದರಿಂದ ಆಗಲೂ ಸ್ಪ್ರಿಂಗ್ ಒತ್ತಡವೋ ಕೋಲೋ ಬೇಕು. ಗನ್ ಬೇಡ, ಟಾರ್ಕ್ ರೆಂಚ್ ಬಳಸಿ. ಅನೇಕ ಬೈಕ್‌ಗಳಿಗೆ ಇದು 20ರಿಂದ 30 ನ್ಯೂಟನ್ ಮೀಟರ್ ಒಳಗೆ ಬರುತ್ತದೆ, ನಿಮ್ಮದರ ಅಂಕಿಯನ್ನು ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ನೋಡಿಕೊಳ್ಳಿ. ಆಯಿಲ್ ತುಂಬಿದ ಮೇಲೆ ಫೋರ್ಕನ್ನು ಒಂದು ರಾತ್ರಿ ಹಳೆಯ ಪೇಪರಿನ ಮೇಲೆ ನೆಟ್ಟಗೆ ನಿಲ್ಲಿಸಿ. ಬೆಳಿಗ್ಗೆ ಪೇಪರ್ ಒಣಗಿದ್ದರೆ ಗಾಡಿಗೆ ಹಾಕಬಹುದು.