ದುಡ್ಡು ಬಂತು, ಸರಿ. ಯಾರ ದುಡ್ಡು?

2023ರ ಶ್ರಾವಣ. ಶನಿವಾರ ಮಧ್ಯಾಹ್ನ, ಅಂಗಡಿಯಲ್ಲಿ ಜನ ಕಡಿಮೆ. ಹತ್ತು ಗ್ರಾಂ ಚಿನ್ನದ ನಾಣ್ಯ ಇದೆಯಾ ಅಂತ ಒಬ್ಬರು ವಾಟ್ಸಾಪ್‌ನಲ್ಲಿ ಕೇಳಿದರು. ಫೋಟೊ ಕಳಿಸಿದೆ. ದರದ ಬಗ್ಗೆ ಒಂದು ಮಾತೂ ಆಡಲಿಲ್ಲ. ಐದು ನಿಮಿಷದಲ್ಲಿ ಯುಪಿಐನಲ್ಲಿ ಪೂರ್ತಿ ದುಡ್ಡು ಬಂತು. ಬರೀ ಮೆಸೇಜ್ ನಂಬಲಿಲ್ಲ, ಬ್ಯಾಂಕಿನ ಆಪ್ ತೆರೆದು ನೋಡಿಕೊಂಡೆ. ಸಂಜೆ ಒಬ್ಬ ಹುಡುಗ ಬಂದ. ಹೆಲ್ಮೆಟ್ ತೆಗೆಯಲಿಲ್ಲ. ಮೊಬೈಲ್‌ನಲ್ಲಿ ಆರ್ಡರ್ ತೋರಿಸಿ ನಾಣ್ಯ ತೆಗೆದುಕೊಂಡು ಹೋದ.

ಎರಡೂವರೆ ವಾರ ಆದ ಮೇಲೆ ಅಕ್ಕಸಾಲಿಗರಿಗೆ ಮಜೂರಿ ಹಾಕಲು ಹೋದರೆ ದುಡ್ಡು ಹೋಗುತ್ತಿಲ್ಲ. ಬ್ಯಾಂಕಿಗೆ ಓಡಿದೆ. ಅಕೌಂಟ್ ಫ್ರೀಜ್. ಬೇರೆ ರಾಜ್ಯದ ಸೈಬರ್ ಪೊಲೀಸರಿಂದ ಸೂಚನೆ ಬಂದಿತ್ತು. ನನಗೆ ದುಡ್ಡು ಹಾಕಿದವರು ನಾಣ್ಯ ಕೊಂಡವರೇ ಅಲ್ಲ, ಎಲ್ಲೋ ದೂರದ ಊರಿನ ಒಬ್ಬ ನಿವೃತ್ತ ಮೇಷ್ಟ್ರು. ಷೇರಿನಲ್ಲಿ ಹಾಕಿದರೆ ದುಪ್ಪಟ್ಟು ಆಗುತ್ತೆ ಅಂತ ನಂಬಿಸಿ, ನಾಣ್ಯ ಕೇಳಿದ ಕಳ್ಳ ಅವರಿಗೆ ನನ್ನ ಅಂಗಡಿಯ ಕ್ಯೂಆರ್ ಕೋಡ್ ಕಳಿಸಿದ್ದ. ಮೇಷ್ಟ್ರ ದುಡ್ಡು ನನ್ನ ಹತ್ತಿರ, ನನ್ನ ಚಿನ್ನ ಕಳ್ಳನ ಹತ್ತಿರ.

ಬಿಲ್ಲಿನಲ್ಲಿ ಅವನು ಹೇಳಿದ ಹೆಸರಿತ್ತು. ಅಕೌಂಟಿನಲ್ಲಿ ಮೇಷ್ಟ್ರ ಹೆಸರಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ಓದಲು ಹತ್ತು ಸೆಕೆಂಡು ಸಾಕಾಗುತ್ತಿತ್ತು. ನಾನು ಓದಲಿಲ್ಲ.

ಇಪ್ಪತ್ತಾರು ವರ್ಷದಿಂದ ಶಿವಮೊಗ್ಗದಲ್ಲಿ ಚಿನ್ನ ಬೆಳ್ಳಿ ವ್ಯಾಪಾರ ಮಾಡುತ್ತಿದ್ದೇನೆ. ಒಡವೆ, ವಾಚು, ಕ್ಯಾಮೆರಾ ಅಂತ ಬೆಲೆಬಾಳುವ ಸಾಮಾನನ್ನು ಆನ್‌ಲೈನ್‌ನಲ್ಲಿ ಮಾರುವವರು, ಕೊಳ್ಳುವವರು ಈಗ ವಾರಕ್ಕೊಬ್ಬರಾದರೂ ಬಂದು ಕೇಳುತ್ತಾರೆ, “ಯಾವುದರಲ್ಲಿ ದುಡ್ಡು ತಗೊಂಡರೆ ಸೇಫ್ ಅಣ್ಣಾ?” ನಾನು ಮೊದಲು ಕೇಳುವುದು ಎರಡೇ ಪ್ರಶ್ನೆ. ದುಡ್ಡು ಯಾರ ಅಕೌಂಟಿನಿಂದ ಬರುತ್ತಿದೆ? ಬಂದ ಮೇಲೆ ಅದನ್ನು ಯಾರು ವಾಪಸ್ ಎಳೆದುಕೊಳ್ಳಬಹುದು?

ಮಾರುವವರಿಗೆ ನನ್ನ ಆಯ್ಕೆ, ಕೊಳ್ಳುವವರ ಸ್ವಂತ ಅಕೌಂಟಿನಿಂದ ಬರುವ ಬ್ಯಾಂಕ್ ವರ್ಗಾವಣೆ. ಎರಡು ಲಕ್ಷ ದಾಟಿದರೆ ಆರ್‌ಟಿಜಿಎಸ್, ಅಂದರೆ ದೊಡ್ಡ ಮೊತ್ತ ಕೂಡಲೇ ತಲುಪುವ ವರ್ಗಾವಣೆ. 2020ರ ಡಿಸೆಂಬರ್‌ನಿಂದ ಅದು ದಿನದ 24 ಗಂಟೆಯೂ ನಡೆಯುತ್ತದೆ, ಹಾಗಾಗಿ ‘ಇವತ್ತು ಭಾನುವಾರ, ನಾಳೆ ಹಾಕ್ತೀನಿ, ಈಗ ಚೈನು ಕೊಡಿ’ ಅನ್ನುವ ಮಾತಿಗೆ ಬೆಲೆ ಇಲ್ಲ. ಎನ್‌ಇಎಫ್‌ಟಿ ಅರ್ಧ ಗಂಟೆಗೊಂದು ಕಂತಿನಲ್ಲಿ ಹೋಗುತ್ತದೆ, ಸ್ವಲ್ಪ ಕಾಯಬೇಕು. ದುಡ್ಡು ಬಂದ ಮೇಲೆ ಕಳಿಸಿದವರ ಹೆಸರು ನೋಡಿ. ಅದು ಎದುರಿಗೆ ಕೂತವರ ಆಧಾರ್ ಕಾರ್ಡಿನ ಹೆಸರಿಗೆ ಹೊಂದಬೇಕು. ‘ನಮ್ಮ ಭಾವ ಹಾಕಿದ್ದಾರೆ’, ‘ಕಂಪನಿ ಅಕೌಂಟಿಂದ ಬಂದಿದೆ’ ಅಂದರೆ ಸಾಮಾನು ಕೈಯಲ್ಲೇ ಇರಲಿ. ಆ ಭಾವನ ಜೊತೆ ನೀವೇ ಮಾತಾಡಿ, ಯಾಕೆ ಹಾಕಿದ್ದು ಅಂತ ಅವರ ಬಾಯಿಂದಲೇ ಕೇಳಿ. ಹಾಕಿದ್ದು ಯಾಕೆ ಅಂತ ಸ್ವತಃ ನಮ್ಮ ಮೇಷ್ಟ್ರನ್ನು ಯಾರಾದರೂ ಕೇಳಿದ್ದರೆ ಅವತ್ತೇ ಎಲ್ಲ ಬಯಲಾಗುತ್ತಿತ್ತು.

ಇನ್ನು ಬರೀ ಸ್ಕ್ರೀನ್‌ಶಾಟ್ ತೋರಿಸುವ ಮೋಸ. ಪಾವತಿ ಆದಂತೆ ಚಿತ್ರ ಮಾಡಿಕೊಡುವ ಆಪ್‌ಗಳೇ ಇವೆ. ಬ್ಯಾಂಕಿನಿಂದ ಬಂದಂತೆ ಮೆಸೇಜ್ ಕೂಡ ಕಳಿಸುತ್ತಾರೆ. ನಿಮ್ಮ ಬ್ಯಾಂಕ್ ಆಪ್‌ನಲ್ಲಿ ಬ್ಯಾಲೆನ್ಸ್ ಎಷ್ಟಿದೆ ಅನ್ನುವುದೊಂದೇ ಸಾಕ್ಷಿ. ದುಡ್ಡು ಪಡೆಯಲು ಪಿನ್ ಒತ್ತಬೇಕಾಗಿಲ್ಲ, ಕ್ಯೂಆರ್ ಸ್ಕ್ಯಾನ್ ಮಾಡಬೇಕಾಗಿಲ್ಲ. ‘ನಾನು ಆರ್ಮಿಯಲ್ಲಿದ್ದೇನೆ, ಇದನ್ನು ಸ್ಕ್ಯಾನ್ ಮಾಡಿ’ ಅಂತ ಐಡಿ ಕಾರ್ಡ್ ಫೋಟೊ ಕಳಿಸುವವರಿಗೆ ಉತ್ತರವನ್ನೇ ಕೊಡಬೇಡಿ.

ಚೆಕ್ ನಾನು ತೆಗೆದುಕೊಳ್ಳುವುದಿಲ್ಲ. ಬೌನ್ಸ್ ಆದರೆ ಕೇಸು ಹಾಕಲು ಚೆಕ್ ಕಾನೂನಿನ ಸೆಕ್ಷನ್ 138 ಇದೆ ಅಂತಾರೆ. ಇದೆ, ನಿಜ. ಬ್ಯಾಂಕ್ ತಿಳಿಸಿದ 30 ದಿನದೊಳಗೆ ನೋಟಿಸ್ ಕೊಡಬೇಕು, ಅವರಿಗೆ 15 ದಿನ ಸಮಯ, ಆಮೇಲೆ ಕೋರ್ಟು. ಅಷ್ಟರಲ್ಲಿ ನಿಮ್ಮ ಅಜ್ಜಿಯ ಕಾಸಿನ ಸರ ಕರಗಿ ಗಟ್ಟಿಯಾಗಿರುತ್ತದೆ. ಚಿನ್ನಕ್ಕೆ ಗುರುತು ಉಳಿಯುವುದಿಲ್ಲ, ಕಳ್ಳರಿಗೆ ಅದರ ಮೇಲೆ ಅಷ್ಟು ಆಸೆ ಇರುವುದು ಅದಕ್ಕೇ. ಡಿಡಿ ಕೊಟ್ಟರೆ, ಅದನ್ನು ಕೊಟ್ಟ ಶಾಖೆಗೆ ಕರೆ ಮಾಡಿ ಖಚಿತ ಮಾಡಿಕೊಳ್ಳಿ. ನಂಬರ್ ಡಿಡಿಯ ಮೇಲಿಂದ ತೆಗೆದುಕೊಳ್ಳಬೇಡಿ, ಬ್ಯಾಂಕಿನ ವೆಬ್‌ಸೈಟಿನಿಂದ ತೆಗೆದುಕೊಳ್ಳಿ.

ನಗದು? ಒಬ್ಬರಿಂದ ಒಂದು ದಿನಕ್ಕೆ ಎರಡು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2017ರಿಂದ ತಡೆದಿದೆ. ತೆಗೆದುಕೊಂಡರೆ ಅಷ್ಟೇ ಮೊತ್ತದ ದಂಡ, ಅದೂ ಪಡೆದವರಿಗೆ. ಅದಕ್ಕಿಂತ ಕಡಿಮೆ ಇದ್ದರೆ ನಗದು ತಪ್ಪಲ್ಲ. ಆದರೆ ಎಣಿಸುವುದು ಬ್ಯಾಂಕಿನ ಒಳಗೆ, ಕೌಂಟರಿನ ಎದುರು ಆಗಲಿ. ಬಸ್ ಸ್ಟ್ಯಾಂಡಿನಲ್ಲಿ ಬೇಡ.

ಕೊಳ್ಳುವವರ ಕಡೆಯಿಂದ ನೋಡಿದರೆ ಇದೇ ಲೆಕ್ಕ ತಿರುಗಿ ನಿಲ್ಲುತ್ತದೆ. ವಾಪಸ್ ಎಳೆದುಕೊಳ್ಳುವ ದಾರಿ ಇರುವುದೇ ಅವರಿಗೆ ಒಳ್ಳೆಯದು. ಕ್ರೆಡಿಟ್ ಕಾರ್ಡಿನಲ್ಲಿ ಕೊಟ್ಟಿದ್ದರೆ ಸಾಮಾನು ಬರಲಿಲ್ಲ ಅಂತ ಬ್ಯಾಂಕಿನಲ್ಲಿ ತಕರಾರು ಹಾಕಬಹುದು. ಹೊರದೇಶದ ಪಾವತಿ ಆಪ್ ಪೇಪಾಲ್‌ನಲ್ಲಿ 180 ದಿನದವರೆಗೆ ತಕರಾರು ಹಾಕಲು ಅವಕಾಶ ಇದೆ. ಹೊರದೇಶದಲ್ಲಿರುವ ನಮ್ಮವರು ಅದರಲ್ಲಿ ಪರಿಚಯದವರಿಗೆ ಕಳಿಸುವ ‘ಫ್ರೆಂಡ್ಸ್ ಅಂಡ್ ಫ್ಯಾಮಿಲಿ’ ಆಯ್ಕೆ ಒತ್ತಿ ಕಳಿಸಿಬಿಟ್ಟರೆ ಆ ರಕ್ಷಣೆ ಇಲ್ಲ. ಯುಪಿಐನಲ್ಲಿ ನೀವೇ ಪಿನ್ ಒತ್ತಿ ಕಳಿಸಿದ ದುಡ್ಡನ್ನು ವಾಪಸ್ ಕರೆಯುವ ಬಟನ್ ಇಲ್ಲ. ಗ್ರಾಹಕರ ಹೊಣೆಗೆ ಮಿತಿ ಹಾಕಿದ ನಿಯಮವನ್ನು ರಿಸರ್ವ್ ಬ್ಯಾಂಕ್ 2017ರಲ್ಲಿ ತಂದದ್ದು, ನಿಮಗೆ ಗೊತ್ತಿಲ್ಲದೆ ಬೇರೆಯವರು ನಡೆಸಿದ ವಹಿವಾಟಿಗೆ. ಹಾಗಾಗಿ ಮುಖ ನೋಡದವರಿಗೆ ಅಡ್ವಾನ್ಸ್ ಕೊಡಬೇಡಿ, ಟೋಕನ್ ಐನೂರು ಅಂದರೂ ಬೇಡ. ಒಡವೆ ಆದರೆ ಮೊದಲು ಯಾವುದಾದರೂ ಅಂಗಡಿಯಲ್ಲಿ ಮೆಷಿನ್‌ಗೆ ಹಾಕಿ ಚಿನ್ನ ಪರೀಕ್ಷೆ ಮಾಡಿಸಿ. ಹಾಲ್‌ಮಾರ್ಕಿನ ಜೊತೆ ಒಡವೆಯ ಮೇಲಿರುವ, ಅಕ್ಷರ ಅಂಕಿ ಸೇರಿ ಆರು ಇರುವ ಗುರುತಿನ ಸಂಖ್ಯೆ ಎಚ್‌ಯುಐಡಿಯನ್ನು ಸರ್ಕಾರದ ಬಿಐಎಸ್ ಕೇರ್ ಆಪ್‌ನಲ್ಲಿ ಹಾಕಿ ನೋಡಿ. ಆಮೇಲೆ ಅಲ್ಲೇ ಕೂತು ದುಡ್ಡು ಕೊಡಿ. ಕಳಿಸುವ ಮುಂಚೆ ಆಪ್ ತೋರಿಸುವ ಹೆಸರನ್ನು ಓದಿ. ಈಗ ಆರ್‌ಟಿಜಿಎಸ್, ಎನ್‌ಇಎಫ್‌ಟಿಯಲ್ಲೂ ಪಡೆಯುವವರ ಹೆಸರು ನೋಡುವ ಸೌಲಭ್ಯ ಬಂದಿದೆ.

ಹಳೇ ನಾಣ್ಯದವರಿಗೂ ಒಂದು ಮಾತು. ವೈಷ್ಣೋದೇವಿ ಚಿತ್ರ ಇರುವ ನಾಣ್ಯಕ್ಕೆ ಲಕ್ಷ ಕೊಡುತ್ತೇವೆ, ಮೊದಲು ತೆರಿಗೆ ಕಟ್ಟಿ ಅನ್ನುವ ಕರೆ ನಂಬಿ ದುಡ್ಡು ಕಳೆದುಕೊಂಡವರು ನನ್ನ ಅಂಗಡಿಗೂ ಬಂದಿದ್ದಾರೆ. ತಾನು ಇಂಥ ವ್ಯವಹಾರ ಮಾಡುವುದಿಲ್ಲ, ಶುಲ್ಕ ಕೇಳುವುದೂ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2021ರಲ್ಲೇ ಹೇಳಿದೆ.

ದುಡ್ಡು ಹೋಯಿತು ಅಂತ ಗೊತ್ತಾದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮನೆಯವರಿಗೆ ಹೇಗೆ ಹೇಳೋದು ಅಂತ ಯೋಚಿಸುತ್ತಾ ಕೂರಬೇಡಿ. ಅಷ್ಟರಲ್ಲಿ ದುಡ್ಡು ನಾಲ್ಕು ಅಕೌಂಟ್ ದಾಟಿರುತ್ತದೆ. ನನ್ನ ಹಾಗೆ ನಿಮ್ಮ ಅಕೌಂಟೇ ಫ್ರೀಜ್ ಆದರೆ, ಬ್ಯಾಂಕಿನಿಂದ ದೂರಿನ ನಂಬರ್ ಮತ್ತು ಪೊಲೀಸ್ ಠಾಣೆಯ ವಿವರ ಬರಹದಲ್ಲಿ ಕೇಳಿ ಪಡೆಯಿರಿ. ಬಿಲ್, ಚಾಟ್, ಸಿಸಿಟಿವಿ ದೃಶ್ಯ ಎಲ್ಲ ಠಾಣೆಗೆ ಕಳಿಸಿ. ತಕರಾರಿನ ಮೊತ್ತಕ್ಕೆ ಮಾತ್ರ ತಡೆ ಇರಲಿ, ಉಳಿದ ಅಕೌಂಟ್ ಬಿಡಿ ಅಂತ ಕೇಳಿ. ಒಪ್ಪದಿದ್ದರೆ ವಕೀಲರ ಮೂಲಕ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗಬಹುದು. ನನಗೆ ನಾಲ್ಕು ತಿಂಗಳು ಹಿಡಿಯಿತು. ಅಕ್ಕಸಾಲಿಗರಿಗೆ ಆ ತಿಂಗಳ ಮಜೂರಿಯನ್ನು ತಮ್ಮನ ಹತ್ತಿರ ಸಾಲ ಮಾಡಿ ಕೊಟ್ಟೆ.

ಹೋದ ತಿಂಗಳು ಒಬ್ಬ ಅಮ್ಮ ಮಗಳಿಗೆ ಜುಮುಕಿ ಆರಿಸಿದರು. ದುಡ್ಡು ಬಂತು, ಹೆಸರು ಬೇರೆ. “ಯಾರಮ್ಮಾ ಇವರು?” ಅಂದೆ. “ದುಬೈಯಲ್ಲಿರೋ ಮೈದುನ, ಅನುಮಾನವಾ ನಿಮಗೆ?” ಅಂತ ಮುಖ ಸಣ್ಣದು ಮಾಡಿಕೊಂಡರು. ನನ್ನ ನಾಣ್ಯದ ಕಥೆ ಹೇಳಿದೆ. ಅಲ್ಲೇ ವಿಡಿಯೊ ಕಾಲ್ ಮಾಡಿದರು. ಆ ಕಡೆಯಿಂದ ಮೈದುನ ನಗುತ್ತಾ, “ಹೌದು ಸಾರ್, ನಾನೇ ಹಾಕಿದ್ದು, ಮಗು ಹುಟ್ಟುಹಬ್ಬಕ್ಕೆ” ಅಂದರು. ಬಿಲ್ಲಿನಲ್ಲಿ ಅವರ ಹೆಸರನ್ನೂ ಬರೆದು ಜುಮುಕಿ ಡಬ್ಬಿಗೆ ಹಾಕಿ ಕೊಟ್ಟೆ.