ಯಾರ್ಕ್‌ನ ಬಾರ್ ಕಾನ್ವೆಂಟ್: ಮರೆಯಲ್ಲಿ ಬೆಳೆದ ಹೆಣ್ಣುಮಕ್ಕಳ ಶಾಲೆ

ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ, ಮಿಕಲ್‌ಗೇಟ್ ಬಾರ್ ಎಂಬ ಹಳೆಯ ಕೋಟೆಬಾಗಿಲಿನ ಹೊರಗೆ, 1686ರಲ್ಲಿ ಫ್ರಾನ್ಸಿಸ್ ಬೆಡಿಂಗ್‌ಫೀಲ್ಡ್ ಎಂಬ ಧರ್ಮಭಗಿನಿ ಹೆಣ್ಣುಮಕ್ಕಳಿಗಾಗಿ ವಸತಿಶಾಲೆಯೊಂದನ್ನು ತೆರೆದರು. ಕೆಥೋಲಿಕ್ ಶಾಲೆ ನಡೆಸುವುದು ಆಗ ಅಲ್ಲಿನ ಕಾನೂನಿಗೆ ವಿರುದ್ಧವಾಗಿತ್ತು. ಹಾಗಾಗಿ ಶಾಲೆಯ ಧರ್ಮಭಗಿನಿಯರು ತಮ್ಮ ವ್ರತವನ್ನು ಹೊರಗೆ ತೋರಿಸಿಕೊಳ್ಳದೆ, ಸಾಮಾನ್ಯ ಮಹಿಳೆಯರ ಉಡುಪಿನಲ್ಲೇ ಪಾಠ ಹೇಳಿದರು.

ಈ ಶಾಲೆಯ ಸ್ವಭಾವ ಅರ್ಥವಾಗಬೇಕಾದರೆ, ಬೆಡಿಂಗ್‌ಫೀಲ್ಡ್ ಸೇರಿದ್ದ ಧರ್ಮಭಗಿನಿಯರ ಸಂಘವನ್ನು ಮೊದಲು ಕಟ್ಟಿದ ಮೇರಿ ವಾರ್ಡ್ ಅವರಿಂದ ಆರಂಭಿಸಬೇಕು. 1585ರಲ್ಲಿ ಯಾರ್ಕ್‌ಷೈರ್‌ನಲ್ಲಿ ಜನಿಸಿದ ಅವರು 1609ರ ಸುಮಾರಿಗೆ ಸಂಗಾತಿಗಳೊಂದಿಗೆ ಇಂದಿನ ಫ್ರಾನ್ಸ್‌ನಲ್ಲಿರುವ ಸೇಂಟ್ ಓಮೇರ್‌ನಲ್ಲಿ ನೆಲೆಸಿ ಬಾಲಕಿಯರಿಗೆ ಕಲಿಸತೊಡಗಿದರು. ಜೆಸ್ವಿಟ್ ಪಾದ್ರಿಗಳು ಗಂಡುಮಕ್ಕಳಿಗೆ ನೀಡುತ್ತಿದ್ದಂಥ ಗಟ್ಟಿ ಶಿಕ್ಷಣ ಹೆಣ್ಣುಮಕ್ಕಳಿಗೂ ಸಿಗಬೇಕೆಂಬುದು ಅವರ ಹಂಬಲವಾಗಿತ್ತು. ಆದರೆ ಕನ್ಯಾಸ್ತ್ರೀಯರು ಮಠದ ಗೋಡೆಯೊಳಗೇ ಬಾಳಬೇಕೆಂದು ಕೆಥೋಲಿಕ್ ಧರ್ಮಸಭೆಯ ಹಿರಿಯರು ಸೇರಿದ್ದ ಟ್ರೆಂಟ್ ಮಹಾಸಭೆ 1563ರಲ್ಲೇ ಕಟ್ಟುನಿಟ್ಟು ಮಾಡಿತ್ತು. ಊರೂರು ಸುತ್ತಿ ಶಾಲೆ ತೆರೆಯುವ ಮಹಿಳೆಯರ ಸಂಘವನ್ನು ಧರ್ಮಸಭೆಯ ಹಿರಿಯರಲ್ಲಿ ಅನೇಕರು ಒಪ್ಪಲಿಲ್ಲ. 1631ರಲ್ಲಿ ಎಂಟನೆಯ ಅರ್ಬನ್ ಪೋಪರು ಸಂಘವನ್ನೇ ರದ್ದುಗೊಳಿಸಿದರು. ಮ್ಯೂನಿಕ್‌ನ ಮಠವೊಂದರಲ್ಲಿ ಬಂಧನದಲ್ಲಿದ್ದಾಗಲೂ ಮೇರಿ ವಾರ್ಡ್ ನಿಂಬೆರಸದಲ್ಲಿ ಪತ್ರ ಬರೆದು ಸಂಗಾತಿಗಳಿಗೆ ಸೂಚನೆ ಕಳುಹಿಸುತ್ತಿದ್ದರು. ಕಾಗದವನ್ನು ಬಿಸಿ ಮಾಡಿದರೆ ಮಾತ್ರ ಅಕ್ಷರ ಮೂಡುತ್ತಿತ್ತು.

ಹೀಗೆ ಬಾರ್ ಕಾನ್ವೆಂಟ್ ಎರಡು ಬಗೆಯ ಒತ್ತಡಗಳ ನಡುವೆ ಹುಟ್ಟಿತು: ದೇಶದ ಕಾನೂನು ಅದರ ಧರ್ಮವನ್ನು ಒಪ್ಪುತ್ತಿರಲಿಲ್ಲ, ಧರ್ಮಸಭೆ ಅದರ ಮೂಲಸಂಘವನ್ನು ಒಪ್ಪಿರಲಿಲ್ಲ. ಇಂದು ಕಾನ್ವೆಂಟ್ ಶಾಲೆ ಎಂದಕೂಡಲೇ ಶಿಸ್ತು, ಮೌನ, ವಿಧೇಯತೆಗಳೇ ನೆನಪಿಗೆ ಬರುವುದು ಸಹಜವಾದರೂ, ಆ ಪರಂಪರೆಯ ಬುಡದಲ್ಲಿ ಇಂಥ ದಿಟ್ಟ ಅವಿಧೇಯತೆಯೂ ಇದೆಯೆಂಬುದನ್ನು ಮರೆಯುವುದು ಆ ಮಹಿಳೆಯರಿಗೆ ಮಾಡುವ ಅನ್ಯಾಯವೆಂದೇ ನನ್ನ ಭಾವನೆ.

ಕಟ್ಟಡವೇ ಇದಕ್ಕೆ ಸಾಕ್ಷಿ. 1769ರಲ್ಲಿ ಪೂರ್ಣಗೊಂಡ ಪ್ರಾರ್ಥನಾಲಯಕ್ಕೆ ಸೊಗಸಾದ ಗುಮ್ಮಟವಿದೆ. ಆದರೆ ಮೇಲೆ ಇಳಿಜಾರಾದ ಸ್ಲೇಟುಕಲ್ಲಿನ ಛಾವಣಿ ಹೊದಿಸಿರುವುದರಿಂದ ಬೀದಿಯಲ್ಲಿ ನಿಂತವರಿಗೆ ಅದು ಕಾಣುವುದಿಲ್ಲ. ಬಲಿಪೂಜೆಯ ಹೊತ್ತಿನಲ್ಲಿ ಅಧಿಕಾರಿಗಳು ನುಗ್ಗಿದರೆ ಚದುರಿ ಹೋಗಲು ಎಂಟು ಬಾಗಿಲುಗಳಿವೆ, ಪಾದ್ರಿ ಅಡಗಿಕೊಳ್ಳಲು ನೆಲದಡಿಯಲ್ಲಿ ಕಿರಿದಾದ ಜಾಗವೂ ಇದೆ. ವಸತಿಶಾಲೆಯಲ್ಲಿ ಉಳ್ಳವರ ಮಕ್ಕಳು ಓದುತ್ತಿದ್ದರೆ, 1699ರಿಂದ ಬಡ ಹುಡುಗಿಯರಿಗಾಗಿ ಹಗಲುಶಾಲೆಯೂ ನಡೆಯುತ್ತಿತ್ತು.

ಇಲ್ಲಿ ಓದಿದ ಐರ್ಲೆಂಡಿನ ತೆರೇಸಾ ಬಾಲ್ ಮುಂದೆ ಡಬ್ಲಿನ್ ಬಳಿಯ ರಾತ್‌ಫಾರ್ನಮ್‌ನಲ್ಲಿ ಈ ಸಂಘದ ಲೊರೆಟೊ ಶಾಖೆಯನ್ನು ಆರಂಭಿಸಿದರು. 1840ರ ದಶಕದ ಹೊತ್ತಿಗೆ ಆ ಧರ್ಮಭಗಿನಿಯರು ಕಲ್ಕತ್ತೆಯಲ್ಲೂ ಶಾಲೆ ನಡೆಸುತ್ತಿದ್ದರು. ಇಷ್ಟಾದರೂ ಮೇರಿ ವಾರ್ಡ್ ಅವರನ್ನು ಸ್ಥಾಪಕಿಯೆಂದು ಕರೆಯಲು ರೋಮ್ ಅನುಮತಿ ಕೊಟ್ಟದ್ದು 1909ರಲ್ಲಿ, ಅವರು ತೀರಿಕೊಂಡು 264 ವರ್ಷಗಳಾದ ಮೇಲೆ.

ಯಾರ್ಕ್‌ನ ಶಾಲೆ 1985ರಲ್ಲಿ ನಗರದ ಇತರ ಕೆಥೋಲಿಕ್ ಶಾಲೆಗಳೊಂದಿಗೆ ಸೇರಿ, ಹುಡುಗ ಹುಡುಗಿಯರಿಬ್ಬರೂ ಓದುವ ಆಲ್ ಸೇಂಟ್ಸ್ ಶಾಲೆಯಾಯಿತು. ಧರ್ಮಭಗಿನಿಯರ ಸಮುದಾಯ ಮಾತ್ರ ಹಳೆಯ ಕಟ್ಟಡವನ್ನು ಬಿಡಲಿಲ್ಲ. ಅದರ ಒಂದು ಭಾಗದಲ್ಲಿ ಈಗ ವಸ್ತುಸಂಗ್ರಹಾಲಯವಿದೆ.