ಆಸ್ಪತ್ರೆ ದರ ಯಾರು ನಿಗದಿ ಮಾಡಬೇಕು? 2017ರಲ್ಲಿ ಅರ್ಧಕ್ಕೇ ನಿಂತ ಮಾತು

ಆರೋಗ್ಯ ವಿಮೆಯ ಪ್ರೀಮಿಯಂ ಏರಿದಾಗಲೆಲ್ಲ ಕಂಪನಿ ಆಸ್ಪತ್ರೆಯ ಕಡೆ ಕೈ ತೋರಿಸುತ್ತದೆ, ಆಸ್ಪತ್ರೆ ಕಂಪನಿಯ ಕಡೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿಗಳ ಮೇಲಿದ್ದ ಶೇ 18ರ ಜಿಎಸ್‌ಟಿ ಹೋಯಿತು. ಒಳ್ಳೆಯದೇ. ಆದರೆ ಅದರಿಂದ ಆಸ್ಪತ್ರೆಯ ಬಿಲ್ ಇಳಿಯುವುದಿಲ್ಲ, ಅಲ್ವಾ?

1986ರಲ್ಲಿ ಸರ್ಕಾರಿ ವಿಮಾ ಕಂಪನಿಗಳ ಮೆಡಿಕ್ಲೈಮ್ ಎಂಬ ಆರೋಗ್ಯ ವಿಮೆ ಬಂತು, 2000ದ ನಂತರ ಖಾಸಗಿ ಕಂಪನಿಗಳು ಬಂದವು, ಹಳ್ಳಿಗೆ ಮಾತ್ರ ಎರಡೂ ದೂರವೇ ಉಳಿದವು. ಆ ದೂರ ಕಡಿಮೆ ಮಾಡಿದ್ದು 2003ರಲ್ಲಿ ಶುರುವಾದ ಕರ್ನಾಟಕದ ಆರೋಗ್ಯ ಯೋಜನೆ ಯಶಸ್ವಿನಿ. ಸಹಕಾರ ಸಂಘದ ರೈತ ತಿಂಗಳಿಗೆ 5 ರೂಪಾಯಿಯಂತೆ ವರ್ಷಕ್ಕೆ 60 ರೂಪಾಯಿ ಕಟ್ಟಿದರೆ ಆಪರೇಷನ್ ಖರ್ಚು ಯೋಜನೆಯದ್ದು. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ಎಲ್ಲರಿಗೂ ಆ 60 ರೂಪಾಯಿ ನೆನಪಿದೆ. ಆದರೆ ಯೋಜನೆಯ ಜೀವ ಇದ್ದದ್ದು ಬೇರೆ ಕಡೆ. ಯಾವ ಆಪರೇಷನ್‌ಗೆ ಎಷ್ಟು ಅಂತ ಆಸ್ಪತ್ರೆಗಳ ಜೊತೆ ಮೊದಲೇ ಮಾತಾಡಿ ದರ ನಿಗದಿ ಮಾಡಿದ್ದರು. ಆಮೇಲೆ ಬಂದ ವಾಜಪೇಯಿ ಆರೋಗ್ಯಶ್ರೀ, 2018ರ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಎಲ್ಲವೂ ಒಂದು ಚಿಕಿತ್ಸೆಗೆ ಇಷ್ಟೇ ಎಂಬ ಇದೇ ಪ್ಯಾಕೇಜ್ ದಾರಿ ಹಿಡಿದವು.

ಹಾಗಾದರೆ ಯೋಜನೆಯ ಹೊರಗಿರುವವರ ಬಿಲ್? ಅದಕ್ಕೆ ಕೈ ಹಾಕಿದ್ದು 2017ರಲ್ಲಿ. ಖಾಸಗಿ ಆಸ್ಪತ್ರೆಗಳ ನೋಂದಣಿಗೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆ ಆಗಲೇ ಇತ್ತು. ಅದನ್ನು ಬಿಗಿ ಮಾಡಲು ನ್ಯಾಯಮೂರ್ತಿ ವಿಕ್ರಮ್‌ಜಿತ್ ಸೇನ್ ಸಮಿತಿ ಕೂತಿತು. ನಂತರ ಬಂದ ಮಸೂದೆಯಲ್ಲಿ ಚಿಕಿತ್ಸೆಗೆ ಸರ್ಕಾರವೇ ದರ ನಿಗದಿ ಮಾಡುವ ಮಾತಿತ್ತು. ತಪ್ಪಿದರೆ ಜೈಲು, ರೋಗಿಗಳ ದೂರಿಗೆ ಜಿಲ್ಲಾ ಮಟ್ಟದ ವ್ಯವಸ್ಥೆ.

ವೈದ್ಯರು ಸಿಟ್ಟಾದರು. ಹತ್ತು ಹಾಸಿಗೆಯ ನರ್ಸಿಂಗ್ ಹೋಮಿಗೂ ದೊಡ್ಡ ಕಾರ್ಪೊರೇಟ್ ಆಸ್ಪತ್ರೆಗೂ ಒಂದೇ ತಕ್ಕಡಿಯೇ, ಸರ್ಕಾರಿ ಆಸ್ಪತ್ರೆಗಳಿಗೆ ಯಾಕಿಲ್ಲ ಈ ಕಾನೂನು ಎಂದು ಕೇಳಿದರು. ಆ ಪ್ರಶ್ನೆಗಳನ್ನು ಸುಮ್ನೆ ತಳ್ಳಿಹಾಕುವಂತಿರಲಿಲ್ಲ. ಆ ನವೆಂಬರ್‌ನಲ್ಲಿ ಬೆಳಗಾವಿಯಲ್ಲಿ ಅಧಿವೇಶನ ನಡೆಯುತ್ತಿದ್ದಾಗ ರಾಜ್ಯದ ತುಂಬ ಹೊರರೋಗಿ ವಿಭಾಗಗಳು ಮುಚ್ಚಿದವು. ಮಗುವನ್ನು ಎತ್ತಿಕೊಂಡು ಬಂದವರು ಬೀಗ ನೋಡಿ ಮರಳಿದರು. ಕೊನೆಗೆ ಹೈಕೋರ್ಟ್ ಮಧ್ಯೆ ಬಂತು, ಮುಷ್ಕರ ನಿಂತಿತು, ಮಸೂದೆ ಪಾಸಾಯಿತು. ಆದರೆ ಅಷ್ಟರಲ್ಲಿ ದರ ನಿಗದಿಯು ಸರ್ಕಾರಿ ಯೋಜನೆಯ ರೋಗಿಗಳಿಗೆ ಮಾತ್ರ ಎಂದಾಗಿತ್ತು. ಉಳಿದವರಿಗೆ ಸಿಕ್ಕಿದ್ದು ಆಸ್ಪತ್ರೆ ತನ್ನದೇ ದರಪಟ್ಟಿ ಹಾಕಬೇಕೆಂಬ ನಿಯಮ. ಬಿಲ್ ಬಾಕಿಗಾಗಿ ಶವ ಹಿಡಿದಿಟ್ಟುಕೊಳ್ಳಬಾರದು ಎಂಬ ಮಾತೂ ಉಳಿಯಿತು. ಅದು ಸಣ್ಣದಲ್ಲ. ಆದರೂ ದರದ ಮಾತನ್ನು ಅಷ್ಟು ಬೇಗ ಬಿಡಬಾರದಿತ್ತು.

ಯಾಕೆಂದರೆ ಖಾಸಗಿ ಪಾಲಿಸಿ ಇದ್ದವರಿಗೂ ಪೂರ್ತಿ ನೆಮ್ಮದಿ ಇಲ್ಲ. ಅನೇಕ ಪಾಲಿಸಿಗಳಲ್ಲಿ ರೂಮ್ ಬಾಡಿಗೆಗೆ ಮಿತಿ ಇರುತ್ತದೆ. ದಿನಕ್ಕೆ 5,000 ಮಿತಿಯಿದ್ದು 10,000ದ ರೂಮ್ ಹಿಡಿದರೆ ಬಾಡಿಗೆಯ ವ್ಯತ್ಯಾಸ ಕಟ್ಟಿದರೆ ಮುಗಿಯಿತು ಅಂದುಕೊಳ್ಳುತ್ತೇವೆ. ಹಾಗಲ್ಲ. ವೈದ್ಯರ ಫೀಸು, ಆಪರೇಷನ್ ಥಿಯೇಟರ್ ಖರ್ಚಿನಲ್ಲೂ ಅದೇ ಅನುಪಾತದಲ್ಲಿ ಅರ್ಧ ಕಡಿತ ಆಗಬಹುದು. ಡಿಸ್ಚಾರ್ಜ್ ದಿನ ಕೌಂಟರ್ ಮುಂದೆ ನಿಂತಾಗಲೇ ಎಷ್ಟೋ ಮನೆಯವರಿಗೆ ಇದು ಗೊತ್ತಾಗುವುದು.

ಯಶಸ್ವಿನಿ 2018ರಲ್ಲಿ ಆರೋಗ್ಯ ಕರ್ನಾಟಕದಲ್ಲಿ ಸೇರಿಹೋಗಿ, 2022ರಲ್ಲಿ ಮತ್ತೆ ಬಂತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ರಕ್ಷಣೆಯೂ ಇದೆ. ಪ್ಯಾಕೇಜ್ ದರ ಸಾಲದು ಎಂದು ಆಸ್ಪತ್ರೆಗಳು ಹೇಳುತ್ತಲೇ ಇವೆ. ಆ ದರ ಸರಿಯೋ ತಪ್ಪೋ, ಕೂತು ಲೆಕ್ಕ ಹಾಕಿ ಜಗಳವಾಡಲು ಒಂದು ಪಟ್ಟಿಯಾದರೂ ಇದೆ. ಪಕ್ಕದ ಹಾಸಿಗೆಯಲ್ಲಿ ಯೋಜನೆಯ ಕಾರ್ಡ್ ಇಲ್ಲದೆ ಮಲಗಿದವರಿಗೆ ಅದೇ ಆಪರೇಷನ್ನಿಗೆ ಅಂಥ ಪಟ್ಟಿ ಇನ್ನೂ ಇಲ್ಲ.